ಎಡಗಡೆಯ ಹೂ

“ಬಲಗಡಿ ಹೂ ಬಿದ್ರ ತಪ್ಪು ನಿನ್ನ ಮಗಂದು. ಎಡಗಡಿದು ಬಿದ್ರ ನಿಂದು,” ಎಂದು ಊರ ಹಿರಿಯ ಕೊಟ್ರಪ್ಪ ಹೇಳುವಾಗ ಮಾರೆವ್ವ ಬುಟ್ಟಿಯಲ್ಲಿ ಕೂತ ದ್ಯಾಮವ್ವನ ಹಿತ್ತಾಳೆ ಮೂರ್ತಿಯನ್ನು ಸೆರಗಿನಿಂದ ಒರೆಸುತ್ತಿದ್ದಳು. ತಳಕಲ್ಲು ಹಳ್ಳಿಯ ಆಚೆಯ ಆ ಊರಲ್ಲಿ ನಲವತ್ತು ವರ್ಷ, ಮಂಗಳವಾರ ತಪ್ಪದೆ ಆ ಬುಟ್ಟಿ ಹೊತ್ತು ಮನೆಮನೆಗೆ ಹೋದ ತಲೆ ಅವಳದು. ಊರಿಗೆ ಏನಾದರೂ ಕೇಳಬೇಕಿದ್ದರೆ ದೇವಿಯ ಎರಡೂ ಭುಜಕ್ಕೆ ನೀರು ಸವರಿ ಕಣಗಿಲೆ ಹೂ ಹಚ್ಚುವವಳೂ ಅವಳೇ. ಮೊದಲು ಬಿದ್ದ ಹೂವೇ ದೇವಿಯ ಮಾತು.

ಮಗ ಗಾಳೇಶ ಯಲಬುರ್ಗಾದಲ್ಲಿ ಸರ್ಕಾರಿ ಶಾಲೆಯ ಮಾಸ್ತರ. ದೀಪಾವಳಿ ವಿಶೇಷಾಂಕಕ್ಕೆ ಕಥೆಯೊಂದನ್ನು ಬರೆದಿದ್ದ. ಬರಗಾಲದಲ್ಲಿ ನೈವೇದ್ಯ ಕಾಣದೆ ಹಸಿದ ದ್ಯಾಮವ್ವ ಬಡವಿಯೊಬ್ಬಳ ಅಡುಗೆಮನೆ ಹೊಕ್ಕು ರೊಟ್ಟಿ ಕದಿಯುತ್ತಾಳೆ. ಬಡವಿ ಆ ಕೈಗೆ ಪಟ್ಟನೆ ಹೊಡೆದು, ಆಮೇಲೆ ಗುರುತು ಹಿಡಿದು, ಪುಂಡಿಪಲ್ಯ ಬಡಿಸಿ ಉಣ್ಣಿಸುತ್ತಾಳೆ. ಮಾರೆವ್ವ ಇದನ್ನು ಗುಡಿಕಟ್ಟೆಯ ಮೇಲೆ ಕೂತು ಎಷ್ಟು ಸಲ ಹೇಳಿದ್ದಳೋ. ಕೊಟ್ರಪ್ಪನೂ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕವನೇ. ಆದರೆ ಅಚ್ಚಾದ ಹಾಳೆಯ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹೋದ ಮೇಲೆ, ನಮ್ಮ ತಾಯಿಯನ್ನು ಕಳ್ಳಿ ಮಾಡಿದ ಎಂದು ಊರಿನ ಹರೆಯದವರು ರೊಚ್ಚಿಗೆದ್ದರು. ಅವನ ನೌಕರಿ ತೆಗೆಯಿರಿ ಎಂಬ ಅರ್ಜಿಗೆ ನೂರಾರು ಸಹಿ ಬಿದ್ದವು.

ಗುಡಿಯ ಮುಂದೆ ಕೂಡಿಸಿ ಕೇಳಿದಾಗ ಗಾಳೇಶ, ಕಥೆಗಾರನಿಗೆ ಯಾರ ಅಪ್ಪಣೆಯೂ ಬೇಕಿಲ್ಲ ಎಂದು ಮೊದಲು ಗಟ್ಟಿಯಾಗಿಯೇ ಅಂದ. ಅರ್ಜಿಯನ್ನು ಅವನ ಕೈಗೇ ಕೊಟ್ಟು ಓದಿಸಿದರು. ಓದುತ್ತ ಓದುತ್ತ ದನಿ ಇಳಿಯಿತು.

“ಇದ್ರಾಗ ನಂದೇನೈತ್ರಿ. ಅವ್ವ ಹೇಳಿದ್ದು ಬರದೀನಿ. ಅಕಿನ್ನ ಕೇಳ್ರಿ.”

“ಮಾಸ್ತರು ಕಾಪಿ ಹೊಡದಾರಪಾ,” ಎಂದರು ಹಿಂದಿನಿಂದ ಯಾರೋ. ಜನ ನಕ್ಕರು.

ಮಾರೆವ್ವ ಮಗನ ಮುಖವನ್ನೊಮ್ಮೆ ನೋಡಿದಳು. “ಹೌದ್ರಿ, ನಾನ ಹೇಳೀನಿ. ನಮ್ಮ ದ್ಯಾಮವ್ವಗ ಹಸಿವಾಗಿತ್ತು ಅನ್ನೂದು ತಪ್ಪೇನ್ರಿ?”

“ಅದನ್ನ ಅಕೀನ ಹೇಳ್ಲಿ,” ಎಂದು ಕೊಟ್ರಪ್ಪ ಹೂ ಕೇಳಲು ಅಪ್ಪಣೆ ಮಾಡಿದ್ದು ಆಗಲೇ. ಬಲಗಡೆಯದು ಬಿದ್ದರೆ ಅರ್ಜಿ ಕಚೇರಿಗೆ ಹೋಗುತ್ತದೆ. ಎಡಗಡೆಯದು ಬಿದ್ದರೆ ಬುಟ್ಟಿ ಮಾರೆವ್ವನ ತಲೆಯಿಂದ ಇಳಿಯುತ್ತದೆ.

ಅವಳು ತಂಬಿಗೆಯಲ್ಲಿ ಬೆರಳು ಅದ್ದಿದಳು. ಇಷ್ಟು ವರ್ಷದಲ್ಲಿ ಎರಡು ಭುಜದ ನೀರಿಗೆ ಹನಿಯಷ್ಟು ಫರಕು ಮಾಡಿದವಳಲ್ಲ. ಈಗ ಬಲಗಡೆ ಧಾರಾಳ ಸವರಿ, ಹೂವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಎಡಭುಜವನ್ನು ಸೆರಗಿನಿಂದ ಮತ್ತೊಮ್ಮೆ ಒರೆಸಿ, ಒಣ ಹಿತ್ತಾಳೆಯ ಮೇಲೆ ಹೂ ಇಟ್ಟಳು. ಕಾಣುವಷ್ಟು ಹತ್ತಿರ ಕೂತವನು ಗಾಳೇಶನೊಬ್ಬನೇ. ಅವನು ಕಂಡ. ಕಂಡು, ತಲೆ ತಗ್ಗಿಸಿದ.

ಎಡಗಡೆಯ ಹೂ ಬಿತ್ತು.

ಊರು ಉಧೋ ಉಧೋ ಎಂದು ಕೈಮುಗಿಯಿತು. ಗಾಳೇಶನೂ ಕೈಮುಗಿದ. ಕೊಟ್ರಪ್ಪನ ಸೊಸೆ ಭವಾನಿ ಬುಟ್ಟಿಯತ್ತ ಬಾಗಿದಳು. ಅವಳ ಸೆರಗಿನೊಳಗೆ, ಬುಟ್ಟಿಯ ಕೆಳಗೆ ತಲೆಗಿಡಲು ಮನೆಯಿಂದಲೇ ಸುತ್ತಿಕೊಂಡು ತಂದಿದ್ದ ಹೊಸ ಸಿಂಬಿ ಇತ್ತು.

ಮಾರೆವ್ವನ ತಲೆಯ ಮೇಲೆ ಹಳೆಯ ಸಿಂಬಿ ಹಾಗೆಯೇ ಉಳಿದಿತ್ತು. ಅವಳು ಕತ್ತು ಹೊರಳಿಸದೆ, ಬುಟ್ಟಿಯ ಅಂಚು ಇರುತ್ತಿದ್ದ ಎತ್ತರಕ್ಕೆ ಒಂದು ಕೈ ಎತ್ತಿಕೊಂಡು, ಕಾಲಿಗೆ ಕಲ್ಲು ಎಡವದಂತೆ ಮೆಲ್ಲಗೆ ಮನೆಯ ಕಡೆ ನಡೆದಳು.