ಹನ್ನೆರಡು ಪುಟದ ಆನೆ

ಅಕ್ಕ ಸೋಮವಾರ ಅಂದರೆ ಶುಕ್ರವಾರ ಎಂದು ತಿಳಿಯಬೇಕು. ಮಕ್ಕಳ ಪುಸ್ತಕ ಮಾಡಿಸುವ ಅವಳು, ಚಿತ್ರ ಬರೆಯುವ ತಮ್ಮನ ಮೈಗಳ್ಳತನ ಬಲ್ಲವಳಾಗಿ, ಯಾವತ್ತೂ ನಾಲ್ಕು ದಿನ ಮುಂಚಿನ ಗಡುವನ್ನೇ ಹೇಳುತ್ತಿದ್ದಳು. ಇದು ತಮ್ಮನಿಗೂ ಗೊತ್ತಿತ್ತು. ಅವನಿಗೆ ಗೊತ್ತೆಂದು ಅಕ್ಕನಿಗೂ ಈಚೆಗೆ ಗೊತ್ತಾಗಿತ್ತು. ಹಾಗಾಗಿ ಈ ಸಲ ಪುಣ್ಯಾತ್ಗಿತ್ತಿ ನಿಜ ಹೇಳಿಬಿಟ್ಟಿದ್ದಳು.

ಸೋಮವಾರ ಬೆಳಗ್ಗೆ ಹತ್ತಕ್ಕೆ ಅವಳ ಫೋನು ಬಂತು. "ಹನ್ನೆರಡಕ್ಕೆ ಬರ್ತೀನಿ ಕಣೋ. ಪ್ರೆಸ್ಸಿನವರು ಮಷಿನ್ ಖಾಲಿ ಇಟ್ಕೊಂಡು ಕಾಯ್ತಿದ್ದಾರೆ. ಇವತ್ತು ಕೊಡದಿದ್ರೆ ಇನ್ಮೇಲೆ ನಿಂಗೆ ಕೆಲಸಾನೇ ಕೊಡಲ್ಲ, ಒಡಹುಟ್ಟಿದವನು ಅಂತಾನೂ ನೋಡಲ್ಲ."

ತಮ್ಮ ಖಾಲಿ ಹಾಳೆಗಳ ಕಟ್ಟನ್ನು ಎಳೆದುಕೊಂಡ. ಮನೆಯೊಳಗೆ ಆನೆ ನುಗ್ಗುವ ಕಥೆಗೆ ಹನ್ನೆರಡು ಚಿತ್ರ ಬೇಕಿತ್ತು, ಆಗಿದ್ದದ್ದು ಸೊನ್ನೆ. ಹಾಗಂತ ಎರಡು ತಿಂಗಳು ಸುಮ್ಮನೆ ಕೂತಿದ್ದ ಎಂದರೆ ತಪ್ಪಾದೀತು. ಕುಂಚ ಹಿಡಿಯುವುದೊಂದು ಬಿಟ್ಟು ಅವನು ಮಾಡದ ಕೆಲಸವಿರಲಿಲ್ಲ. ಫ್ಯಾನಿನ ರೆಕ್ಕೆ ಒರೆಸಿದ್ದ, ಡಬ್ಬಿಯಲ್ಲಿದ್ದ ಅಂಗಿ ಗುಂಡಿಗಳನ್ನೆಲ್ಲ ಬಣ್ಣದ ಪ್ರಕಾರ ಜೋಡಿಸಿದ್ದ, ಬಚ್ಚಲ ನಲ್ಲಿಯನ್ನು ಮುಖ ಕಾಣುವಷ್ಟು ಉಜ್ಜಿದ್ದ.

ಎರಡು ಗಂಟೆಯಲ್ಲಿ ಹನ್ನೆರಡು ಆನೆ! ಸೊಂಡಿಲು ತಿದ್ದುವಷ್ಟರಲ್ಲೇ ಮಧ್ಯಾಹ್ನವಾಗುತ್ತದೆ. ದಿಕ್ಕು ತೋಚದೆ, ಗೋಡೆ ಬಳಿಯುವ ಬ್ರಶ್ಶಿಗೆ ಬೂದು ಬಣ್ಣ ಮೆತ್ತಿ ಹಾಳೆಯ ಮೇಲೆ ಎಳೆದ. ಹಾಳೆಯೇ ತುಂಬಿಹೋಯಿತು. ಆನೆಯ ಹೊಟ್ಟೆ! ಉಳಿದ ಮೂಲೆಯಲ್ಲಿ ಆ ಹೊಟ್ಟೆಗೆ ಸಿಕ್ಕಿ ಅಪ್ಪಚ್ಚಿಯಾಗುತ್ತಿದ್ದ ಗುಂಡಿ ಡಬ್ಬಿ ಬರೆದ. ಕೈ ತಾನಾಗೇ ಓಡಿತು. ಒಂದೊಂದು ಗುಂಡಿಯ ತೂತೂ ಅವನಿಗೆ ಬಾಯಿಪಾಠ. ಮುಂದಿನ ಹಾಳೆಯಲ್ಲಿ ಫ್ಯಾನಿನ ರೆಕ್ಕೆಗೆ ತಗಲಿ ಮಡಚಿಕೊಂಡ ಕಿವಿ, ಅದರ ಮುಂದಿನದರಲ್ಲಿ ನಲ್ಲಿಯ ಹೊಳಪಿನಲ್ಲಿ ಡೊಂಕಾಗಿ ಕಂಡ ಒಂದು ಕಣ್ಣು. ಅವನಿಗೇ ಖುಷಿಯಾಗಿ ಒಬ್ಬನೇ ಕಿಸಕ್ಕನೆ ನಕ್ಕ.

ಹನ್ನೆರಡಕ್ಕೆ ಸರಿಯಾಗಿ ಬಂದ ಅಕ್ಕ ಹನ್ನೆರಡೂ ಹಾಳೆಗಳನ್ನು ಒಂದೊಂದಾಗಿ ನೋಡಿದಳು. ಯಾವಾಗಲೂ ಹಲ್ಲುನೋವಿನವರ ಹಾಗಿರುವ ಅವಳ ಮುಖ ನಲ್ಲಿಯ ಚಿತ್ರಕ್ಕೆ ಸಡಿಲಾಯಿತು; ಬಾಲ ಬಾಗಿಲಿಗೆ ಸಿಕ್ಕಿಕೊಂಡ ಚಿತ್ರಕ್ಕಂತೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮನೆ ತುಂಬ ಆನೇನೇ ಕಣೋ! ಎರಡು ತಿಂಗಳು ಇದಕ್ಕೇ ತಲೆ ಕೆಡಿಸ್ಕೊಂಡಿದ್ಯಾ?"

"ಮತ್ತೆ?" ಎಂದ ತಮ್ಮ, ನಾಚಿಕೆಯಿಲ್ಲದೆ.

"ಆದ್ರೆ ಪೂರ್ತಿ ಆನೆ ಎಲ್ಲೂ ಇಲ್ವಲ್ಲೋ?"

"ಅದು ಎರಡನೇ ಪುಸ್ತಕದಲ್ಲಿ." ಬಾಯಿ ತಪ್ಪಿ ಬಂದುಬಿಟ್ಟಿತು.

ಅಕ್ಕ ತನ್ನ ಬೆರಳು ನೋಡಿಕೊಂಡಳು. ಬೂದು ಬಣ್ಣ ಹತ್ತಿತ್ತು, ಹಸಿ ಹಸಿ. ಬೆರಳನ್ನು ತಮ್ಮನ ಅಂಗಿಗೇ ಒರೆಸಿ ಪ್ರೆಸ್ಸಿಗೆ ಫೋನು ಹಚ್ಚಿದಳು.

"ಒಂದು ಪುಸ್ತಕ ತರ್ತಿದೀನಿ. ಇನ್ನೊಂದು ಸಂಜೆ ನಾಲ್ಕಕ್ಕೆ ಬರುತ್ತೆ."