ಸಮುದ್ರದ ತುಕ್ಕು

ಅಪ್ಪನ ಕಾಲದ ಮೋಟೋಕ್ರಾಸ್ ರೇಸ್ ಬೈಕಿಗೆ ಅಸಲಿ ಕಿಕ್ಕರ್ ಹುಡುಕುತ್ತಾ ನೌರೀನ್ ಶಿವಾಜಿನಗರದ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದ್ದಳು. ಎಲ್ಲೂ ಸಿಗದ ಮಾಲು ಕೆ.ಆರ್. ಪುರದ ದುರ್ಗೇಶನ ಅಂಗಡಿಯಲ್ಲಿ ಕೇಳಿದ ಮರುದಿನವೇ ಹಾಜರಾಗಿದ್ದೇ ಅವಳ ಅನುಮಾನಕ್ಕೆ ಕಾರಣ. ಹೊಸ ನಕಲಿಗೆ ತುಕ್ಕು ಹಿಡಿಸಿ, ಹಳೆಯದೆಂದು ಸಾಗಹಾಕುವವರ ಸುದ್ದಿ ಅವಳ ಕಿವಿಗೂ ಬಿದ್ದಿತ್ತು.

“ಐವತ್ತು ವರ್ಷದ್ದು ಮೇಡಂ, ತುಕ್ಕು ನೋಡ್ರೀ!” ಎಂದ ದುರ್ಗೇಶ.

ತುಕ್ಕೇನೋ ಇತ್ತು. ಆದರೆ ಹಳೆಯ ತುಕ್ಕಿನಂತೆ ಕಪ್ಪಗೆ ಕಚ್ಚಿಕೊಂಡಿರದೆ, ಖಾರದಪುಡಿಯ ಹಾಗೆ ಕೆಂಪಗೆ ಬೆರಳಿಗೆ ಮೆತ್ತಿಕೊಂಡಿತು. ನೌರೀನ್ ಆ ಬೆರಳನ್ನು ನಾಲಿಗೆಗೆ ತಾಗಿಸಿದಳು.

“ಉಪ್ಪುಪ್ಪಾಗಿದೆಯಲ್ಲಾ ಅಣ್ಣಾ?”

“ಹಡಗಲ್ಲಿ ಬಂದಿದ್ದು ಮೇಡಂ. ಸಮುದ್ರದ ಗಾಳಿ,” ಎಂದ ದುರ್ಗೇಶ, ಕಣ್ಣು ಮಿಟುಕಿಸದೆ.

ಅವಳು ಇನ್ನೊಮ್ಮೆ ನಾಲಿಗೆ ಚಪ್ಪರಿಸಿ, ಕಿಕ್ಕರನ್ನು ಅವನ ಮುಂದೆ ಕುಕ್ಕಿದಳು.

“ಮತ್ತೆ ಆ ಸಮುದ್ರಕ್ಕೆ ನಿಂಬೆಹಣ್ಣು ಹಿಂಡಿದ್ಯಾರು?”