ಹದಿಮೂರು ಬಂದ ಬುಧವಾರ

ಈ ಸಲ ಕಾಫಿ ಹಣ್ಣನ್ನು ದಲ್ಲಾಳಿಗೆ ಕೊಡುವುದು ಬೇಡ, ನಾನೇ ಅಂಗಳದಲ್ಲಿ ಒಣಗಿಸುತ್ತೇನೆ ಎಂದು ಹಟ ಹಿಡಿದವಳು ನಾನು. ನನ್ನ ಗಂಡ ಎವಾರಿಸ್ತೋಗೆ ನಂಬಿಕೆ ಇರಲಿಲ್ಲ. ಬೆಳೆಗಾರರ ಸಂಘದವರು ಕಾಫಿ ಒಪ್ಪದಿದ್ದರೆ ಮುಂದಿನ ವರ್ಷದಿಂದ ಮತ್ತೆ ದಲ್ಲಾಳಿಯೇ ಗತಿ ಎಂದು ನಮ್ಮಲ್ಲಿ ಮಾತಾಗಿತ್ತು. ಬೂದಿ ಬುಧವಾರ ಬೆಳಿಗ್ಗೆ ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು, ಹಿಂದಿನ ದಿನವೇ ನಮ್ಮ ಚೀಲಗಳು ಬಂದಿದ್ದ ಸಂಘದ ಗೋದಾಮಿಗೆ ಇಬ್ಬರೂ ಹೋದೆವು.

ಪರೀಕ್ಷೆ ಮಾಡುವ ಹುಡುಗಿ ನೆರೇಯ್ದಾ ಒಂದೊಂದು ಚೀಲದಿಂದಲೂ ಒಂದು ಹಿಡಿ ಕಾಳು ತೆಗೆದು ಯಂತ್ರಕ್ಕೆ ಹಾಕಿ, ತೇವ ನೂರಕ್ಕೆ ಎಷ್ಟಿದೆ ಎಂದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ಹನ್ನೆರಡು ದಾಟಬಾರದು, ದಾಟಿದರೆ ಬೂಷ್ಟು.

"ಒಂಬತ್ತು ಚೀಲ, ಕೂಡಿದ್ರೆ ನೂರಾ ಹದಿನೇಳು. ಸರಾಸರಿ ಹದಿಮೂರು, ತೆಯೋದೊಲಿಂದ ಅಕ್ಕಾ. ಆಗಲ್ಲ."

ಒಂದು ಮಧ್ಯಾಹ್ನವೂ ಮಲಗದೆ ಕೈಯಾಡಿಸಿದ ಕಾಫಿ ಅದು. ದಲ್ಲಾಳಿಯ ಹಲ್ಲುಕಿರಿತ ಕಣ್ಣಮುಂದೆ ಬಂತು. ಎವಾರಿಸ್ತೋ ಮಾತ್ರ ತುಟಿ ಬಿಚ್ಚಲಿಲ್ಲ. ಸಾಮಾನ್ಯವಾಗಿ "ನಾನು ಹೇಳ್ಲಿಲ್ವಾ" ಎನ್ನುವ ಮನುಷ್ಯ.

ನೆರೇಯ್ದಾ ಹೊರಟವಳು ಬಾಗಿಲು ನೋಡುತ್ತಾ ನಿಂತಳು. ಸಂಖ್ಯೆಗಳನ್ನು ಅಳಿಸಿ, ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದಳು: ಹತ್ತು, ಐದು ಸಲ ಹನ್ನೊಂದು, ಹನ್ನೆರಡು, ಹತ್ತೊಂಬತ್ತು, ಇಪ್ಪತ್ತೊಂದು.

"ಸರೀ ನಡುವೆ ನಿಂತಿರೋದು ಹನ್ನೊಂದು. ಸರಾಸರಿ ಯಾಕೆ ಹದಿಮೂರಕ್ಕೆ ಹೋಯ್ತು? ಈ ಕೊನೇ ಎರಡು ಎಳ್ಕೊಂಡು ಹೋಗಿವೆ. ಉಳಿದ ಏಳು ಚೀಲ ನೋಡಿ, ಹತ್ತರಿಂದ ಹನ್ನೆರಡರ ಒಳಗೇ ಇವೆ. ಕೈ ಸರಿ ಇಲ್ದೋರು ಒಣಗಿಸಿದ್ರೆ ಹಿಂಗೆ ಒತ್ತೊತ್ತಾಗಿ ಬರಲ್ಲಕ್ಕಾ, ಚೆಲ್ಲಾಪಿಲ್ಲಿ ಆಗಿರುತ್ತೆ. ಈ ಎರಡಕ್ಕೆ ಯಾರೋ ನೀರು ಹಾಕಿದಾರೆ."

ನಿನ್ನೆ ಇಲ್ಲಿಗೆ ಚೀಲ ತಂದವನು ಎವಾರಿಸ್ತೋ ಒಬ್ಬನೇ. ನಾನು ತಿರುಗಿ ನೋಡಿದೆ. ಅವನು ಸೂರು ನೋಡುತ್ತಿದ್ದ.

"ನಿನ್ನೆ ಯಾವ ದಾರೀಲಿ ಬಂದೆ?"

"ಚೌಕದ ದಾರೀಲಿ ಕಣೇ."

"ಕಾರ್ನಿವಲ್ ಮಂಗಳವಾರ, ಕಾಫಿ ಹೇರ್ಕೊಂಡು, ಚೌಕಕ್ಕೆ?"

"ಡೋಲು ಕೇಳಿಸ್ತು. ಒಂದೇ ಕುಣಿತ ಅಂತ ಲಾರಿ ನಿಲ್ಲಿಸ್ದೆ. ಕುಣಿಯೋರಿಗೆ ನೀರು ಹಾರಿಸೋ ಟ್ಯಾಂಕರ್ ಮೇಲಿದ್ದೋರು ಪೈಪ್ ನಮ್ ಕಡೆನೇ ತಿರುಗಿಸಿದ್ರು. ಟಾರ್ಪಾಲು ಹಿಂದಿನ ಎರಡಕ್ಕೆ ಸಾಲ್ಲಿಲ್ಲ. ಗೊತ್ತಾಗದಿರಲಿ ಅಂತ ಒದ್ದೆ ಚೀಲ ಮಾತ್ರ ಬದಲಾಯಿಸಿ, ಅದೇ ಕಾಳು ತುಂಬಿ ತಂದಿಟ್ಟೆ."

ನೆರೇಯ್ದಾ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. "ಏಳು ಚೀಲದ ಸರಾಸರಿ ಹನ್ನೊಂದೇ. ಅವನ್ನ ತಗೋತೀನಿ. ಎರಡನ್ನ ಇವತ್ತೇ ಹರವಿ, ಕೆಡೋದರೊಳಗೆ."

ಬೈಯಲು ಬಾಯಿ ತೆರೆದೆ. ಬಂದದ್ದು ಅಳು, ಅದರ ಬೆನ್ನಿಗೇ ನಗು. ತಪ್ಪು ನನ್ನ ಕೈಯದಲ್ಲ ಎಂಬುದೊಂದೇ ಸಾಕಾಗಿತ್ತು. ಎದೆ ಹಗುರಾಗಿ ಅಲ್ಲೇ ಚೀಲದ ಮೇಲೆ ಕುಳಿತುಬಿಟ್ಟೆ.

"ಬೈದ್ಬಿಡೇ ಮಾರಾಯ್ತಿ," ಎಂದ ಎವಾರಿಸ್ತೋ. "ನಗಬೇಡ, ಭಯ ಆಗುತ್ತೆ."

"ಮುಂದಿನ ವರ್ಷಾನೂ ನಾನೇ ಒಣಗಿಸೋದು."

"ಆಯ್ತು, ನೀನೇ ಒಣಗಿಸು. ತಂದು ಹಾಕೋದು?"

"ಅದೂ ನಾನೇ."